ಒಂದು ಜೋಡುನಳಿಗೆಯ ಪರೀಕ್ಷೆ

ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದೊಡನೆ ಈಗಿನವರಿಗೆ ಶಾಲೆಯ ಬೆಂಚುಗಳೂ ಪ್ರಶ್ನಪತ್ರಿಕೆಗಳೂ ನೆನಪಾಗುವುವು. ಆದರೆ ಒಂದು ವಸ್ತುವನ್ನು ಸುತ್ತಲೂ, ಎಲ್ಲ ಕಡೆಯಿಂದಲೂ ನೋಡುವುದೆಂಬುದೇ ಆ ಪದದ ಮೂಲಾರ್ಥವು. ನಮ್ಮ ಹಿರಿಯರು ಚಿನ್ನವನ್ನು ಒರೆಗೆ ಹಚ್ಚಿ, ಕತ್ತರಿಸಿ, ಕಾಯಿಸಿ, ಬಡಿದು, ಹೀಗೆ ನಾಲ್ಕು ಬಗೆಯಿಂದ ನೋಡಿ ನಂಬುತ್ತಿದ್ದರು. ಕುರುವತ್ತಿಯ ಜಾತ್ರೆಯಲ್ಲಿ ಹೋರಿ ಕೊಳ್ಳುವ ಒಕ್ಕಲಿಗನು ಹಲ್ಲು, ಸುಳಿ, ಗೊರಸು, ನಡಿಗೆ ಇವಿಷ್ಟನ್ನೂ ನೋಡದೆ ರೊಕ್ಕದ ಗಂಟನ್ನು ಬಿಚ್ಚುವುದಿಲ್ಲ. ಇಂತಹ ಜಾಣರಾದ ನಾವು, ಕಡಲಾಚೆಯಿಂದ ಬಂದ ವಸ್ತುವೊಂದು ಮನೆಯಲ್ಲಿದ್ದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುವೆವು. ‘ವಿಲಾಯತಿ ಮಾಲು’ ಎಂಬ ಎರಡು ಮಾತುಗಳು ಸಾಕು; ಅದರ ಗುಣವೂ ಬೆಲೆಯೂ ತಾವಾಗಿಯೇ ಸಿದ್ಧವಾದವೆಂದು ತಿಳಿಯುವೆವು. ಗಡಿಯಾರದ ವಿಷಯದಲ್ಲಿ ಈ ನಂಬಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಬಂದೂಕಿನ ವಿಷಯದಲ್ಲಿ ಅದು ಕೈಯನ್ನೋ ಕಣ್ಣನ್ನೋ ಕೇಳೀತು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾದ ನನ್ನಂಥವನಿಗೂ ಬಂದೂಕಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನನ್ನ ತಂಗಿಯ ಮನೆಯಿಂದ ಬಂದಿತು. ತುಂಗಭದ್ರೆಯ ದಂಡೆಯಲ್ಲಿರುವ, ನಮ್ಮ ಹೂವಿನಹಡಗಲಿ ತಾಲೂಕಿನದೇ ಒಂದು ಹಳ್ಳಿಯ ಗೌಡಿಕೆಯ ಮನೆತನಕ್ಕೆ ಅವಳನ್ನು ಕೊಟ್ಟಿದ್ದೇವೆ. ಅವಳ ಮಾವನವರು ತೊಂಬತ್ತು ದಾಟಿದ ವಯಸ್ಸಿನಲ್ಲಿ ಕೆಲವು ವರ್ಷಗಳ ಹಿಂದೆ ಶಿವಾಧೀನರಾದರು. ಅವರ ಹೆಸರಿನಲ್ಲಿದ್ದ ಜೋಡುನಳಿಗೆಯ ಬಂದೂಕನ್ನು ಕಾನೂನಿನಂತೆ ಠಾಣೆಯಲ್ಲಿ ಒಪ್ಪಿಸಲಾಯಿತು. ಅಳಿಯನ ತಂದೆಯು ಮೊದಲೇ ತೀರಿಕೊಂಡಿದ್ದುದರಿಂದ ಮೊಮ್ಮಗನಾದ ಅವನೇ ವಾರಸುದಾರನೆಂದು ಅರ್ಜಿ ಕೊಟ್ಟು, ಬಹಳ ಓಡಾಡಿ, ಪರವಾನಗಿ ಪಡೆದು ಅದನ್ನು ಮನೆಗೆ ತಂದನು. ತಂದ ವಾರದಲ್ಲಿಯೇ ನೆಂಟರಿಷ್ಟರು ಕೂಡಿ ಅದಕ್ಕೆ ಬೆಲೆ ಕಟ್ಟಿಬಿಟ್ಟರು. ಒಬ್ಬರು ಲಕ್ಷಗಳೆಂದರು, ಮತ್ತೊಬ್ಬರು ಲಂಡನ್ನಿನಲ್ಲಿ ಮಾರಿದರೆ ಹತ್ತು ಎಕರೆ ಹೊಲ ಬರುವುದೆಂದರು. ತಂಗಿಯು ನನಗೆ ಹೇಳಿ ಕಳುಹಿದಳು: “ಅಣ್ಣಾ, ಕಲ್ಲಿನ ಮೇಲಿನ ಅಕ್ಷರ ಓದತೀಯಲ್ಲ, ಕಬ್ಬಿಣದ ಮೇಲಿಂದು ಓದೋದಿಲ್ಲೇನು? ಒಮ್ಮೆ ಬಂದು ನೋಡು.” ಹಿರೇಹಡಗಲಿಯ ಕಲ್ಲೇಶ್ವರನ ಗುಡಿಯಲ್ಲಿಯೂ ಮಾಗಳದಲ್ಲಿಯೂ ಶಾಸನಗಳ ಮುಂದೆ ನಾನು ಕುಕ್ಕರಗಾಲಿನಲ್ಲಿ ಕುಳಿತಿದ್ದುದನ್ನು ಅವಳು ಬಾಲ್ಯದಿಂದಲೂ ಕಂಡವಳು. ಒಂದು ಭೂತಗನ್ನಡಿಯನ್ನೂ, ತೆಳುವಾದ ಹಾಳೆಗಳನ್ನೂ, ಮೆತ್ತನೆಯ ಪೆನ್ಸಿಲನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆನು.

ಬಂದೂಕನ್ನು ನೋಡುವ ಮೊದಲು ಅದು ಆ ಮನೆಯಲ್ಲಿತ್ತೆಂಬುದರ ಅರ್ಥವನ್ನು ನೋಡಬೇಕು. 1857ರಲ್ಲಿ ಇಂಗ್ಲಿಷರು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾನೂನನ್ನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲೆವೆಂದು ಅದೇ ವರ್ಷದ ನವೆಂಬರದಲ್ಲಿ ತಿರುಗಿಬಿದ್ದರು. ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಆ ಕಥೆಯನ್ನು ಹೇಳುವ ಲಾವಣಿಯನ್ನು ಮುಂದೆ ಶಾಸನತಜ್ಞರಾದ ಫ್ಲೀಟರೇ ಸಂಗ್ರಹಿಸಿದರು. ಮರುವರ್ಷ 1858ರಲ್ಲಿ ನಮ್ಮ ಹೊಳೆಯ ಆಚೆ ದಡದ ಮುಂಡರಗಿಯ ಭೀಮರಾಯನು ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದನು. 1878ರ ಆಯುಧ ಕಾನೂನು ಬಂದಮೇಲಂತೂ ಪರವಾನಗಿಯಿಲ್ಲದೆ ಸಾಮಾನ್ಯ ರೈತನು ಬಂದೂಕು ಇಡುವಂತಿರಲಿಲ್ಲ. ಕೊಡಗಿನವರಿಗೆ ಮಾತ್ರ 1861ರಲ್ಲಿಯೇ ಕಮೀಶನರನಾಗಿದ್ದ ಕಬ್ಬನ್ನನು ವಿನಾಯಿತಿ ಕೊಟ್ಟನು. ಅದು ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ 2029ರವರೆಗೆ, ವಿಸ್ತರಿಸಲ್ಪಟ್ಟಿದೆ. ಅಲ್ಲಿ ಕೋವಿಯು ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿನಿಂದ ಪೂಜೆಗೊಳ್ಳುವ ಮನೆಯ ದೇವತೆ. ನಮ್ಮ ಬಳ್ಳಾರಿ ಸೀಮೆಯು ಆಗ ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಇಲ್ಲಿ ಬಂದೂಕೆಂದರೆ ಸರಕಾರವು ನಂಬಿದ ಮನುಷ್ಯನೆಂಬ ಗುರುತು. ಆದುದರಿಂದಲೇ ತಂಗಿಯ ಮನೆಯವರಿಗೆ ಅದರ ಮೇಲೆ ಅಷ್ಟೊಂದು ಅಭಿಮಾನ. ಬೇಟೆಗಾಗಿ ಅದನ್ನು ಆ ಮನೆಯವರು ಎತ್ತಿದ್ದಿಲ್ಲ. ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಸದ್ದಿನಿಂದ ಓಡಿಸುವುದಕ್ಕೂ, ಬನ್ನಿಯ ದಿನ ಒಂದು ಈಡು ಹಾರಿಸುವುದಕ್ಕೂ ಅದು ಬಳಕೆಯಾಗಿತ್ತು.

ಪರೀಕ್ಷೆಯ ಮೊದಲ ವಿಧಿಯು ಸಂಶಯವು. ಬಂದೂಕು ಖಾಲಿಯಿದೆಯೆಂದು ಯಾರು ಹೇಳಿದರೂ ನಂಬಲಾಗದು. ಬಾಯನ್ನು ಜನರಿಲ್ಲದ ಗೋಡೆಯ ಕಡೆಗೆ ತಿರುಗಿಸಿ, ಕುದುರೆಗೆ ಬೆರಳು ತಾಗದಂತೆ ಹಿಡಿದು, ಮೇಲಣ ಅಡ್ಡಚಾವಿಯನ್ನು ಬಲಕ್ಕೆ ಒತ್ತಿ ನಳಿಗೆಗಳನ್ನು ಕೆಳಗೆ ಬಾಗಿಸಿ, ಎರಡು ಮನೆಗಳೂ ಬರಿದಾಗಿವೆಯೆಂದು ಕಣ್ಣಿನಿಂದ ಕಂಡಮೇಲೆಯೇ ಮುಂದಿನ ಮಾತು. ಅಳಿಯನು ಹಾಗೆ ಬಿಚ್ಚಿ, ಕೆಳಗಿನ ಮರವನ್ನು ಕಳಚಿ, ನಳಿಗೆಗಳನ್ನೂ ಹಿಂಭಾಗವನ್ನೂ ಬೇರೆಬೇರೆಯಾಗಿ ಚಾಪೆಯ ಮೇಲೆ ಇಟ್ಟನು.

ಎರಡು ನಳಿಗೆಗಳ ನಡುವಣ ಪಟ್ಟಿಯ ಮೇಲೆ ಮದರಾಸಿನ ಒಂದು ಅಂಗಡಿಯ ಹೆಸರು ಚಿತ್ರಾಕ್ಷರಗಳಲ್ಲಿ ಕೆತ್ತಿತ್ತು. ನೆಂಟರು ಕಂಡದ್ದು ಇದನ್ನೇ. ಆದರೆ ಇದು ಮಾರಿದವನ ಹೆಸರು, ಮಾಡಿದವನದಲ್ಲ. ಆ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳವರು ಹೆಸರಿಲ್ಲದ ಬಂದೂಕುಗಳನ್ನು ಮಾಡಿ ಕಳುಹುತ್ತಿದ್ದರು. ಮದರಾಸು, ಮುಂಬಯಿ, ಕಲಕತ್ತೆಗಳ ಅಂಗಡಿಕಾರರು ತಮ್ಮ ಹೆಸರನ್ನು ಕೆತ್ತಿಸಿಕೊಳ್ಳುತ್ತಿದ್ದರು. ಪಾತ್ರೆಯ ಮೇಲೆ ಮಾವನ ಮನೆಯವರ ಹೆಸರು ಹಾಕಿಸಿದಂತೆ ಇದು. ಪಾತ್ರೆಯು ತಾಮ್ರದ್ದೋ ಹಿತ್ತಾಳೆಯದೋ ಎಂಬುದನ್ನು ಆ ಹೆಸರು ಹೇಳಲಾರದು. ನ್ಯಾಯಶಾಸ್ತ್ರದಲ್ಲಿ ಆಪ್ತನ ಮಾತು ಪ್ರಮಾಣವೆನ್ನುವರು. ಆದರೆ ಮಾರುವವನು ಆಪ್ತನೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಬೇಕಷ್ಟೆ.

ಬಂದೂಕಿನಲ್ಲಿ ಆಪ್ತವಾಕ್ಯವು ಬೇರೆ ಕಡೆಯಲ್ಲಿದೆ. ನಳಿಗೆಗಳನ್ನು ಮಗುಚಿದರೆ, ಹಿಂಭಾಗದ ಕಬ್ಬಿಣದ ಮೇಲೆ ಕೂರುವ ಚಪ್ಪಟೆಯಾದ ತಳದಲ್ಲಿ, ಬಂದೂಕು ಮುಚ್ಚಿದಾಗ ಯಾರಿಗೂ ಕಾಣದ ಸ್ಥಳದಲ್ಲಿ, ಸಾಸಿವೆಯಷ್ಟು ಸಣ್ಣ ಮುದ್ರೆಗಳಿರುತ್ತವೆ. ಇಂಗ್ಲೆಂಡಿನಲ್ಲಿ ಯಾವ ಬಂದೂಕನ್ನೂ ಪರೀಕ್ಷಾಗೃಹಕ್ಕೆ ಒಯ್ದು, ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದುದಕ್ಕೆ ಮುದ್ರೆ ಒತ್ತಿಸದೆ ಮಾರಕೂಡದು. ಲಂಡನ್ನಿನಲ್ಲಿ 1637ರಲ್ಲಿ ರಾಜಶಾಸನ ಪಡೆದ ಬಂದೂಕುಗಾರರ ಸಂಘವು ಈ ಕಾರ್ಯವನ್ನು ಮಾಡುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾನೂನಿನಿಂದ ಪರೀಕ್ಷಾಗೃಹವು ಏರ್ಪಟ್ಟಿತು. ಬೆಲ್ಜಿಯಮಿನ ಲೀಏಜ್ ಪಟ್ಟಣಕ್ಕೂ ತನ್ನದೇ ಮುದ್ರೆಯುಂಟು; ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳಿದ್ದರೆ ಅದು ಬೆಲ್ಜಿಯಮಿನದು. ಒಟ್ಟಿನಲ್ಲಿ ಇದು ಬಂದೂಕಿನ ಅಗ್ನಿಪರೀಕ್ಷೆಯ ಸಾಕ್ಷಿಪತ್ರವು.

ನಮ್ಮ ಬಂದೂಕಿನ ತಳದಲ್ಲಿ ಎಣ್ಣೆಯ ಜಿಡ್ಡನ್ನು ಒರಸಿ, ದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಲು, ಕಿರೀಟದ ಕೆಳಗೆ ಅಡ್ಡಡ್ಡವಾಗಿಟ್ಟ ಎರಡು ರಾಜದಂಡಗಳೂ, ಅವುಗಳ ಸಂದುಗಳಲ್ಲಿ ಬಿ, ಪಿ, ಸಿ ಎಂಬ ಅಕ್ಷರಗಳೂ ಕಂಡವು. ಪಕ್ಕದಲ್ಲಿ ಅಂತಹದೇ ಇನ್ನೊಂದು ಮುದ್ರೆ. ಅದರಲ್ಲಿ ವಿ ಎಂಬ ಒಂದೇ ಅಕ್ಷರ. ಇವು 1904ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಬಳಕೆಯಲ್ಲಿದ್ದ ಮುದ್ರೆಗಳು. ಆ ವರ್ಷದಿಂದ ಕಿರೀಟದ ಕೆಳಗೆ ಬಿ-ಪಿ ಮತ್ತು ಬಿ-ವಿ ಎಂಬ ಹೊಸ ಮುದ್ರೆಗಳು ಬಂದವು. ಇನ್ನೊಂದು ಕಡೆ ವಜ್ರಾಕೃತಿಯ ಚೌಕದೊಳಗೆ 12 ಎಂಬ ಅಂಕೆ, ಅದರ ಕೆಳಗೆ ಸಿ ಅಕ್ಷರ. ಈ ವಜ್ರಮುದ್ರೆಯು 1887ರ ನಿಯಮಗಳಿಂದ ಬಂದದ್ದು. ಆದುದರಿಂದ ಬಂದೂಕು 1887ಕ್ಕಿಂತ ಹಿಂದಿನದಲ್ಲ, 1904ಕ್ಕಿಂತ ಮುಂದಿನದಲ್ಲ. ತೇದಿಯಿಲ್ಲದ ಶಾಸನಕ್ಕೆ ಅಕ್ಷರದ ರೂಪದಿಂದ ಕಾಲ ಕಟ್ಟುವ ರೀತಿಯೇ ಇದು. ಹೊರಗೆ ಕಾಣುವ ಎರಡು ಸುತ್ತಿಗೆಗಳು, ಹೊಡೆದೊಡನೆ ತಾವಾಗಿ ತುಸು ಹಿಂದೆ ಸರಿದು ನಿಲ್ಲುವ ಅವುಗಳ ಯಂತ್ರ, ಹಿಂದಿನಿಂದ ತೋಟೆಯನ್ನು ಇಡುವ ಏರ್ಪಾಡು, ಇವೆಲ್ಲವೂ ಆ ಕಾಲಕ್ಕೆ ಒಪ್ಪುತ್ತವೆ. ಸುತ್ತಿಗೆಗಳು ಒಳಗೇ ಅಡಗಿರುವ ಬಂದೂಕಿನ ಪ್ರಸಿದ್ಧ ಮಾದರಿಯು 1875ರಲ್ಲಿಯೇ ಆನ್ಸನ್ ಮತ್ತು ಡೀಲಿ ಎಂಬವರಿಂದ ಬಂದಿದ್ದರೂ, ಹೊರಸುತ್ತಿಗೆಯವು ಅಗ್ಗವಾದುದರಿಂದ ನಮ್ಮ ದೇಶಕ್ಕೆ ಬಹುಕಾಲ ಬರುತ್ತಿದ್ದವು.

ಇನ್ನು 12 ಎಂಬ ಅಂಕೆ. ‘ಹನ್ನೆರಡು ಬೋರ್’ ಎಂಬುದನ್ನು ನಳಿಗೆಯ ಅಗಲವು ಹನ್ನೆರಡು ಮಿಲಿಮೀಟರೆಂದು ಅಳಿಯನೂ ಅವನ ಗೆಳೆಯರೂ ತಿಳಿದಿದ್ದರು. ಹಾಗಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳನ್ನಾಗಿ ಎರೆದರೆ, ಅವುಗಳಲ್ಲೊಂದು ಯಾವ ನಳಿಗೆಯೊಳಗೆ ಸರಿಯಾಗಿ ಕೂರುವುದೋ ಅದು ಹನ್ನೆರಡು ಬೋರಿನದು. ಗೋಳದ ಘನಫಲವನ್ನು ತೆಗೆಯುವ ಕ್ರಮವನ್ನು ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ ಹೇಳಿದ್ದಾರೆ: ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಬೇಕು. ಅದನ್ನು ಹಿಂದುಮುಂದಾಗಿ ನಡೆಸಿದರೆ ಉತ್ತರವು ಸಿಕ್ಕುವುದು. ಪೌಂಡೆಂದರೆ 453.6 ಗ್ರಾಂ, ಅದರ ಹನ್ನೆರಡನೆಯ ಪಾಲು 37.8 ಗ್ರಾಂ, ಸೀಸವು ನೀರಿಗಿಂತ 11.34 ಪಾಲು ಭಾರವಾದುದರಿಂದ ಗುಂಡಿನ ಘನಫಲವು 3.33 ಘನ ಸೆಂಟಿಮೀಟರು. ವ್ಯಾಸವು ಸುಮಾರು 18.5 ಮಿಲಿಮೀಟರು. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆಯು ಕಿರಿದಾಗುವುದೇಕೆಂಬುದು ಇದರಿಂದ ಮಕ್ಕಳಿಗೂ ತಿಳಿಯುವುದು. ನಮ್ಮ ನಳಿಗೆಗಳ ಮೇಲೆ ವಜ್ರಮುದ್ರೆಯ 12 ಅಲ್ಲದೆ ಬೇರೆಯಾಗಿ 13 ಎಂಬ ಅಂಕೆಯೂ ಇತ್ತು. ಒಂದೇ ಬಂದೂಕಿಗೆ ಎರಡು ಲೆಕ್ಕವೇ ಎಂದು ಅಳಿಯನು ಗಾಬರಿಯಾದನು. 12 ಎಂಬುದು ತೋಟೆ ಕೂರುವ ಮನೆಯ ಅಳತೆ. 13 ಎಂಬುದು ಪರೀಕ್ಷೆಯ ದಿನ ಅದರ ಮುಂದಣ ನಳಿಗೆಯ ಅಳತೆ, ಎಂದರೆ ಸುಮಾರು 18 ಮಿಲಿಮೀಟರು. ಇದರಲ್ಲಿ ದೋಷವೇನೂ ಇಲ್ಲ. ಮೇಲಾಗಿ ಇದೊಂದು ಉಪಕಾರವೂ ಹೌದು. ಇಂದು ಅಳೆದಾಗ ಒಳವ್ಯಾಸವು 13ರ ಅಳತೆಗಿಂತ ಹೆಚ್ಚು ಬಂದರೆ, ನಡುವಣ ನೂರಿಪ್ಪತ್ತು ವರ್ಷಗಳಲ್ಲಿ ತುಕ್ಕನ್ನು ತೆಗೆಯಲು ಯಾರೋ ಒಳಗೆ ಉಜ್ಜಿ ಲೋಹವನ್ನು ಸವೆಸಿದ್ದಾರೆಂದು ಗೊತ್ತಾಗುವುದು.

ನಿಜವಾದ ಗಾಬರಿಯು ಬಂದೂಕಿನ ಸಂಖ್ಯೆಯನ್ನು ಓದುವಾಗ ಹುಟ್ಟಿತು. ಪರವಾನಗಿಯ ಪುಸ್ತಕದಲ್ಲಿ ‘ಡಿ.ಬಿ.ಬಿ.ಎಲ್. 12 ಬೋರ್’ ಎಂದು ಬರೆದು, ಮುಂದೆ 2763 ಎಂಬ ಸಂಖ್ಯೆಯಿತ್ತು. ಡಿ.ಬಿ.ಬಿ.ಎಲ್. ಎಂದರೆ ಎರಡು ನಳಿಗೆಯ, ಹಿಂದಿನಿಂದ ತುಂಬುವ ಬಂದೂಕು. ಆದರೆ ನಳಿಗೆಯ ತಳದಲ್ಲಿ ನನಗೆ ಕಂಡದ್ದು 2768. ಒಂದು ಅಂಕೆಯ ವ್ಯತ್ಯಾಸವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಪರವಾನಗಿಯು ಒಂದು ಬಂದೂಕಿಗೆ, ಕೈಯಲ್ಲಿರುವುದು ಇನ್ನೊಂದು ಬಂದೂಕು ಎಂದು ಯಾರಾದರೂ ಹೇಳಿದರೆ, ಅಜ್ಜನ ಮರ್ಯಾದೆಯೂ ಮೊಮ್ಮಗನ ಸ್ವಾತಂತ್ರ್ಯವೂ ಏಕಕಾಲಕ್ಕೆ ಅಪಾಯಕ್ಕೆ ಸಿಕ್ಕುವುವು. ತಂಗಿಯ ಮುಖವು ಬಿಳಿಚಿತು. “ಠಾಣ್ಯಾಗ ಬದಲಿ ಮಾಡ್ಯಾರೇನು ಅಣ್ಣಾ?” ಎಂದಳು. ಅವಸರದಿಂದ ಯಾರ ಮೇಲೂ ದೋಷವನ್ನು ಹೊರಿಸಬಾರದೆಂದು ಹೇಳಿ, ಶಾಸನದ ಅಚ್ಚು ತೆಗೆಯುವಂತೆ ತೆಳುಹಾಳೆಯನ್ನು ಹರಡಿ ಪೆನ್ಸಿಲಿನಿಂದ ಹಗುರವಾಗಿ ಉಜ್ಜಿದೆನು. ಇಂತಹ ಬಂದೂಕುಗಳಲ್ಲಿ ಸಂಖ್ಯೆಯು ಒಂದೇ ಕಡೆಯಲ್ಲಿರುವುದಿಲ್ಲ. ನಳಿಗೆಯ ತಳದಲ್ಲಿ ಒಂದು, ಕೆಳಗಿನ ಮರದ ಕಬ್ಬಿಣದಲ್ಲಿ ಒಂದು, ಕುದುರೆಗಳನ್ನು ಕಾಯುವ ಕಮಾನಿನ ಬಾಲದ ಮೇಲೆ ಮತ್ತೊಂದು. ಮೊದಲೆರಡು ಕಡೆಗಳಲ್ಲಿ 2768 ಎಂದು ಸ್ಪಷ್ಟವಾಗಿಯೇ ಮೂಡಿತು. ಕಮಾನಿನ ಬಾಲವು ಹಿಡಿಯುವವನ ಅಂಗೈಯಡಿಯಲ್ಲಿ ಸವೆಯುವ ಸ್ಥಳ; ಅಲ್ಲಿ 8ರ ಎಡ ಅಂಚು ಮಾಸಿಹೋಗಿ 3ರಂತೆ ಕಾಣುತ್ತಿತ್ತು. ಮೂರು ಸಾಕ್ಷಿಗಳಲ್ಲಿ ಎರಡು ಗಟ್ಟಿ, ಮೂರನೆಯದು ಮಾಸಿದ್ದು. ಪುಸ್ತಕಕ್ಕೆ ಇಳಿದದ್ದು ಮಾತ್ರ ಮಾಸಿದ ಸಾಕ್ಷಿಯ ಮಾತು.

ಇದು ಎಂದು, ಯಾವ ಕಚೇರಿಯಲ್ಲಿ, ಯಾರ ಲೇಖನಿಯಿಂದ ಆಯಿತೆಂದು ಹುಡುಕುವುದು ವ್ಯರ್ಥವೆಂದು ನನಗೆ ತೋರಿತು. ಈ ಬಂದೂಕಿನ ಕಾಗದವು ಮದರಾಸು ಅಧಿಪತ್ಯದಲ್ಲಿ ಹುಟ್ಟಿತು. 1953ರ ಅಕ್ಟೋಬರ 1ರಂದು ನಮ್ಮ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ಅದೂ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯು ಬೇರೆಯಾಗಿ ಕಡತಗಳು ಹೊಸಪೇಟೆಗೆ ಹೋದವು. ಪುಸ್ತಕದಿಂದ ಪುಸ್ತಕಕ್ಕೆ, ಕೈಯಿಂದ ಕೈಗೆ ನಕಲಾಗುವಾಗ ಒಂದು ಅಂಕೆ ಜಾರುವುದು ಆಶ್ಚರ್ಯವಲ್ಲ. ತಾಡವಾಲೆಗಳ ಪಾಠಾಂತರಗಳೆಲ್ಲ ಹುಟ್ಟಿದ್ದು ಹೀಗೆಯೇ. ಅಳಿಯನು ಮೂರು ಅಚ್ಚುಗಳನ್ನೂ ಲಗತ್ತಿಸಿ, ಸಂಖ್ಯೆಯನ್ನು ತಿದ್ದಿಕೊಡಬೇಕೆಂದು ತಾನಾಗಿಯೇ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಕೊಟ್ಟನು. ಬಂದೂಕನ್ನು ಹಾಜರುಪಡಿಸಿ, ಆಯುಧಗಳನ್ನು ಬಲ್ಲ ಪೋಲೀಸಿನವರು ನೋಡಿದಮೇಲೆ ತಿದ್ದುಪಡಿಯು ಬರೆಯಲ್ಪಟ್ಟಿತು. ಕೆಲವು ತಿಂಗಳುಗಳು ಹಿಡಿದವು. ಆದರೆ ಇನ್ನೊಬ್ಬರು ಕಂಡು ಕೇಳುವ ಮೊದಲು ನಾವೇ ಕಂಡು ಹೇಳಿದೆವೆಂಬುದು ಸಣ್ಣ ಲಾಭವಲ್ಲ.

ಮರಳಿ ನಳಿಗೆಗಳಿಗೆ ಬರೋಣ. ಮೇಲಣ ಕಂದುಬಣ್ಣವು ಮಾಸಿದ್ದೆಡೆಯಲ್ಲಿ ಓರೆಬೆಳಕಿಗೆ ಹಿಡಿದರೆ, ಲೋಹದಲ್ಲಿ ಹಾವಿನ ಪೊರೆಯಂತೆ ಸುತ್ತುಸುತ್ತಾದ ಚಿತ್ತಾರವು ಕಂಡಿತು. ಇದನ್ನು ಡಮಾಸ್ಕಸ್ ನಳಿಗೆಯೆನ್ನುವರು. ಕಬ್ಬಿಣದ ಮತ್ತು ಉಕ್ಕಿನ ಎಳೆಗಳನ್ನು ಕೂಡಿಸಿ, ಹುರಿಮಾಡಿ, ಪಟ್ಟಿಯಾಗಿ ಬಡಿದು, ಆ ಪಟ್ಟಿಯನ್ನು ಒಂದು ಸರಳಿನ ಸುತ್ತ ಬಳ್ಳಿಯಂತೆ ಸುತ್ತಿ, ಕಾಯಿಸಿ ಬೆಸೆದು ಇಂತಹ ನಳಿಗೆಯನ್ನು ಮಾಡುತ್ತಿದ್ದರು. ಡಮಾಸ್ಕಸಿನ ಖಡ್ಗಗಳು ಹೆಸರಾದದ್ದು ನಮ್ಮ ದಕ್ಷಿಣದೇಶದ ಉಕ್ಕಿನಿಂದ. ಇಂಗ್ಲಿಷರು ಅದಕ್ಕೆ ಹೇಳುವ ವೂಟ್ಸ್ ಎಂಬ ಹೆಸರೂ ನಮ್ಮ ಉಕ್ಕು ಎಂಬ ಪದದ ಅಪಭ್ರಂಶವೆಂದು ವಿದ್ವಾಂಸರ ಅಭಿಪ್ರಾಯ. ಈ ಮಾತನ್ನು ಕೇಳಿ ಅಳಿಯನಿಗೆ ಹಿಗ್ಗಾಯಿತು. ಆದರೆ ಖಡ್ಗದ ಚಿತ್ತಾರವು ಮೂಸೆಯಲ್ಲಿ ಕರಗಿದ ಒಂದೇ ಉಕ್ಕಿನೊಳಗಿಂದ ಹುಟ್ಟಿದ್ದು. ನಳಿಗೆಯ ಚಿತ್ತಾರವು ಬೆಸುಗೆಯ ಗೆರೆ. ಹೆಸರು ಒಂದೇ ಆದರೂ ವಸ್ತುಗಳು ಎರಡು. ನಳಿಗೆಯುದ್ದಕ್ಕೂ ನೂರಾರು ಬೆಸುಗೆಗಳಿದ್ದು, ಕರಿಮದ್ದಿನ ಮಸಿಯೂ ತೇವವೂ ಆ ಬೆಸುಗೆಗಳೊಳಗೆ ಹೊಕ್ಕು ತಿನ್ನುತ್ತಿದ್ದರೆ ಹೊರಗಿನಿಂದ ಏನೂ ಕಾಣಿಸದು.

ಇಲ್ಲಿಯೇ ಪ್ರಾಣದ ಪ್ರಶ್ನೆಯಿರುವುದು. ಹಿಂದೆ ಬಳಸುತ್ತಿದ್ದುದು ಗಂಧಕ, ಪೆಟ್ಲುಪ್ಪು, ಇದ್ದಲು ಕೂಡಿದ ಕರಿಮದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಗೆಯಿಲ್ಲದ ನೈಟ್ರೋ ಮದ್ದು ಬಂದಿತು. 1896ರ ನಿಯಮಗಳಿಂದ ಆ ಮದ್ದಿನ ಪರೀಕ್ಷೆಗೆ ಬೇರೆಯೇ ಮುದ್ರೆಯನ್ನು ಒತ್ತತೊಡಗಿದರು. ಡಮಾಸ್ಕಸ್ ನಳಿಗೆಗಳಲ್ಲಿಯೂ ಆ ಪರೀಕ್ಷೆಯಲ್ಲಿ ಗೆದ್ದು ಮುದ್ರೆ ಪಡೆದವುಗಳುಂಟು. ಆದುದರಿಂದ ಚಿತ್ತಾರವಿದ್ದ ಮಾತ್ರಕ್ಕೆ ನಳಿಗೆಯು ದುರ್ಬಲವೆನ್ನಲಾಗದು. ಆದರೆ ನಮ್ಮ ಬಂದೂಕಿನ ಮೇಲೆ ನೈಟ್ರೋ ಪರೀಕ್ಷೆಯ ಯಾವ ಮುದ್ರೆಯೂ ಇರಲಿಲ್ಲ. ಅದು ಕರಿಮದ್ದಿಗೆ ಮಾತ್ರ ಸಾಕ್ಷಿ ಹೇಳಿದ ಬಂದೂಕು. ಈಗ ಅಂಗಡಿಯಲ್ಲಿ ಸಿಕ್ಕುವ ತೋಟೆಗಳಾದರೋ, ಪುಣೆಯ ಬಳಿಯ ಖಡಕಿಯ ಸರಕಾರಿ ಕಾರ್ಖಾನೆಯವೂ ಸೇರಿ, ನೈಟ್ರೋ ಮದ್ದಿನವು.

ಇದರೊಡನೆ ಇನ್ನೊಂದು ಮೋಸವೂ ಅಡಗಿದೆ. ಹಳೆಯ ಇಂಗ್ಲಿಷ್ ಬಂದೂಕುಗಳ ತೋಟೆಯ ಮನೆಯು ಸಾಮಾನ್ಯವಾಗಿ ಎರಡೂವರೆ ಅಂಗುಲದ್ದು. ಅದಕ್ಕೆ 65 ಮಿಲಿಮೀಟರಿನ ತೋಟೆಯು ತಕ್ಕದ್ದು. 70 ಮಿಲಿಮೀಟರಿನ ತೋಟೆಯು ಅದರಲ್ಲಿ ಸಲೀಸಾಗಿ ಕೂರುವುದು. ಏಕೆಂದರೆ 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾರುವ ಮೊದಲು ಬಾಯಿ ಮಡಿಚಿಕೊಂಡಿರುವುದರಿಂದ ಗಿಡ್ಡವಾಗಿರುತ್ತದೆ. ಕೂತಿತೆಂದು ನಂಬಿ ಹಾರಿಸಿದರೆ, ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ನಳಿಗೆಯ ಕೊರಳಿನೊಳಗೆ ಚಾಚಿ, ಚರೆಗಳ ದಾರಿಯನ್ನು ಕಿರಿದುಮಾಡಿ, ಒತ್ತಡವನ್ನು ಏರಿಸುವುದು. ಒಳಗೆ ಹೋದದ್ದೆಲ್ಲ ಒಪ್ಪಿದಂತಲ್ಲವೆಂಬುದನ್ನು ಬಂದೂಕಿನಷ್ಟು ಕಠೋರವಾಗಿ ಕಲಿಸುವ ಗುರುವಿಲ್ಲ.

ಉಳಿದ ಪರೀಕ್ಷೆಗಳನ್ನು ಸಂಕ್ಷೇಪವಾಗಿ ಹೇಳುವೆನು. ನಳಿಗೆಗಳನ್ನು ಕೊಂಡಿಗೆ ದಾರ ಕಟ್ಟಿ ತೂಗಬಿಟ್ಟು ಬೆರಳಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಒಡಕು ಸದ್ದು ಬಂದರೆ ನಡುಪಟ್ಟಿಯ ಬೆಸುಗೆ ಬಿಟ್ಟಿದೆಯೆಂದು ತಿಳಿಯಬೇಕು. ನಳಿಗೆಯೊಳಗಿಂದ ಬಾಗಿಲ ಬೆಳಕನ್ನು ನೋಡಿದರೆ ಒಳಗೋಡೆಯ ಮೇಲೆ ಬೆಳಕಿನ ಉಂಗುರಗಳು ಸರಿಯಾಗಿ ನಿಲ್ಲಬೇಕು. ಎಲ್ಲಿ ಅವು ವಕ್ರವಾಗುವುವೋ ಅಲ್ಲಿ ತಗ್ಗಿದೆ. ಬಂದೂಕನ್ನು ಮತ್ತೆ ಕೂಡಿಸಿ, ಕೆಳಗಿನ ಮರವಿಲ್ಲದೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಕೀಲಿನಲ್ಲಿ ಕಟಕಟ ಎನ್ನಬಾರದು. ಮರದ ಹಿಡಿಯು ಕಬ್ಬಿಣಕ್ಕೆ ಸೇರುವಲ್ಲಿ ಕೂದಲೆಳೆಯ ಬಿರುಕುಗಳನ್ನು ಹುಡುಕಬೇಕು. ನಮ್ಮ ಬಂದೂಕು ನಾದದಲ್ಲಿ ಗೆದ್ದಿತು. ಕೀಲಿನಲ್ಲಿ ತುಸು ಸಡಿಲವಾಗಿತ್ತು. ಎಡನಳಿಗೆಯ ಒಳಗೆ ಸಿಡುಬಿನ ಕಲೆಗಳಂತಹ ಕುಳಿಗಳಿದ್ದವು. ಗೋಡೆಯ ದಪ್ಪವನ್ನು ಅಳೆಯುವುದು ನಮ್ಮಂಥವರ ಕೆಲಸವಲ್ಲ. ಪರವಾನಗಿ ಪಡೆದ ಒಬ್ಬ ಹಳೆಯ ರಿಪೇರಿಗಾರರು ತಮ್ಮ ಅಳತೆಗೋಲಿನಿಂದ ನೋಡಿ, ಎಡನಳಿಗೆಯ ನಡುವೆ ಒಂದು ಕಡೆ ಅರ್ಧ ಮಿಲಿಮೀಟರಿಗಿಂತ ಕಡಿಮೆಯೆಂದರು. ಅರ್ಧ ಮಿಲಿಮೀಟರೆಂದರೆ ಸುಮಾರು ಒಂದು ಅಂಗುಲದ ಐವತ್ತನೆಯ ಪಾಲು. ಅದಕ್ಕೂ ತೆಳುವಾದುದನ್ನು ಬಲ್ಲವರು ನಂಬುವುದಿಲ್ಲ. ಅನ್ನದ ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆನ್ನುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯದು. ಇಪ್ಪತ್ತೊಂಬತ್ತು ಅಂಗುಲ ಗಟ್ಟಿಯಾಗಿದ್ದು ಒಂದು ಅಂಗುಲ ತೆಳುವಾಗಿದ್ದರೆ ಬಂದೂಕು ಆ ಒಂದು ಅಂಗುಲದಷ್ಟೇ ಗಟ್ಟಿ. ಮತ್ತು ಆ ಅಂಗುಲವು ಎಡಗೈ ಹಿಡಿಯುವ ಸ್ಥಳದಿಂದ ದೂರವಿರಲಿಲ್ಲ.

ಅಳಿಯನು ಇಷ್ಟೆಲ್ಲವನ್ನೂ ಕೇಳಿ ಸುಮ್ಮನಿದ್ದು ಕೊನೆಗೆ ಕೇಳಿದನು: “ಮಾವಾ, ಬನ್ನಿ ಹಬ್ಬದಾಗ ಒಂದಾ ಒಂದು ಈಡು. ಅಜ್ಜ ವರ್ಷಾ ಹಾರಿಸ್ತಿದ್ದ. ಅವನ ಕೈಯಾಗ ಒಡೀಲಿಲ್ಲ, ನನ್ನ ಕೈಯಾಗ ಒಡೀತದೇನು?” ಪ್ರಶ್ನೆಯು ನ್ಯಾಯವಾದದ್ದೇ. ಅಜ್ಜನ ಹೆಸರಿನಿಂದ ಬಂದ ಆಸೆಯನ್ನು ನನ್ನ ಮುದ್ರೆ-ಅಂಕೆಗಳಿಂದ ತಳ್ಳಿಹಾಕುವುದು ಸುಲಭವಾಗಿರಲಿಲ್ಲ. ಅಜ್ಜನ ಸಾಮಾನುಗಳು ಬೇರೇನಾದರೂ ಉಳಿದಿವೆಯೇ ಎಂದು ಕೇಳಿದೆನು. ತಂಗಿಯು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿದಳು. ಅದರಲ್ಲಿ ಹಲವು ಹಿತ್ತಾಳೆಯ ಬರಿದೋಟೆಗಳು, ಕೇಪು ಕೂಡಿಸುವ ಒಂದು ಸಣ್ಣ ಯಂತ್ರ, ಉಣ್ಣೆಯ ಬಿಲ್ಲೆಗಳು, ಮತ್ತು ಹಿಡಿಯುಳ್ಳ ಒಂದು ಅಳತೆಯ ಬಟ್ಟಲು ಇದ್ದವು. ಬಟ್ಟಲಿನ ಮೈಮೇಲೆ ಮದ್ದಿನ ಅಳತೆಯ ಅಂಕೆಗಳಿದ್ದು, 3 ಡ್ರಾಮಿನ ಗೆರೆಯು ಹನ್ನೆರಡು ಬೋರಿಗೆ ಹಿಂದಿನ ಕಾಲದವರು ಒಪ್ಪಿದ ಕರಿಮದ್ದಿನ ಪ್ರಮಾಣವು. ಈಗಿನ ಲೆಕ್ಕದಲ್ಲಿ 5.3 ಗ್ರಾಂ. ಆ ಗೆರೆಗಿಂತಲೂ ಕೆಳಗೆ, ಮೊಳೆಯಿಂದ ಗೀರಿದ ಇನ್ನೊಂದು ಗೆರೆಯಿತ್ತು. ಅಚ್ಚಾದ ಗೆರೆಯವರೆಗೂ ಅವರು ಹೋಗುತ್ತಿರಲಿಲ್ಲ. ಇಂಗ್ಲಿಷ್ ಬಾರದ, ಮುದ್ರೆಗಳನ್ನು ಓದಲರಿಯದ ಆ ಮುದುಕರು ಅಂಗಡಿಯ ತೋಟೆಯನ್ನು ಕೊಳ್ಳದೆ, ಕರಿಮದ್ದನ್ನು ತಾವೇ ಅಳೆದು, ಬಂದೂಕಿಗೆ ವಯಸ್ಸಾದಂತೆ ಅಳತೆಯನ್ನು ಇಳಿಸಿ ತುಂಬುತ್ತಿದ್ದರೆಂದು ಆ ಗೀರು ಹೇಳಿತು. ಬಂದೂಕು ಅಜ್ಜನ ಕೈಯಲ್ಲಿ ಒಡೆಯದಿದ್ದುದು ಅದೃಷ್ಟದಿಂದಲ್ಲ. ಅಳಿಯನು ಬಟ್ಟಲನ್ನು ಬಹಳ ಹೊತ್ತು ಕೈಯಲ್ಲಿಯೇ ಹಿಡಿದಿದ್ದನು. ಮತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ. ಹಬ್ಬದ ಸಂಭ್ರಮಕ್ಕಾಗಿ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ಮೇಲೆ ಎರಡು ವರ್ಷಗಳವರೆಗಿನ ಸೆರೆಮನೆಗೂ ಒಂದು ಲಕ್ಷದವರೆಗಿನ ದಂಡಕ್ಕೂ ಗುರಿಯಾದ ಅಪರಾಧವೆಂಬ ಮಾತನ್ನು ನಾನು ಹೇಳಬೇಕೆಂದಿದ್ದೆನು. ಅದರ ಅಗತ್ಯವೇ ಬೀಳಲಿಲ್ಲ.

ಇನ್ನು ಬೆಲೆ. ವ್ಯಾಪಾರಿಯೊಬ್ಬರನ್ನು ವಿಚಾರಿಸಲು, ಒಂದು ಒಳ್ಳೆಯ ಹೋರಿಯ ಬೆಲೆಯೂ ಬಾರದೆಂದರು. ಕಾರಣಗಳು ಸ್ಪಷ್ಟವಾಗಿವೆ. ಮಾಡಿದವನ ಹೆಸರು ತಿಳಿಯದು, ನೈಟ್ರೋ ಮುದ್ರೆಯಿಲ್ಲ, ನಳಿಗೆಯು ತೆಳು. ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರಲ್ಲಿ ಮೂರರಿಂದ ಎರಡಕ್ಕೆ ಇಳಿಸಿರುವುದರಿಂದ, ಹಾರಿಸಲಾಗದ ಬಂದೂಕಿಗೆ ತನ್ನ ಪರವಾನಗಿಯ ಒಂದು ಸ್ಥಾನವನ್ನು ಕೊಡಲು ಯಾರೂ ಬಯಸರು. ಲಕ್ಷಗಳ ಮಾತನ್ನಾಡಿದ ನೆಂಟರಿಗೆ ಇದು ರುಚಿಸಲಿಲ್ಲ. ಆದರೆ ಬೆಲೆಯೆಂಬುದು ಕೊಳ್ಳುವವನ ಅಗತ್ಯದ ಅಳತೆ. ವಸ್ತುವಿನ ಗುಣಕ್ಕೆ ಬೇರೆಯೇ ಅಳತೆಯುಂಟು. ಒಂದು ಬಂದೂಕಿನ ಗುಣವು ಅದು ಎಷ್ಟು ದೂರ ಹೊಡೆಯುವುದೆಂಬುದರಲ್ಲಿ ಅರ್ಧವಿದ್ದರೆ, ಎಷ್ಟನ್ನು ತಾಳಲಾರದೆಂಬುದನ್ನು ಮುಚ್ಚಿಡದೆ ತನ್ನ ಮೈಮೇಲೆ ಹೊತ್ತಿರುವುದರಲ್ಲಿ ಇನ್ನರ್ಧವಿದೆ. ಈ ಬಂದೂಕು ಆ ಮಾತನ್ನು ನೂರಿಪ್ಪತ್ತು ವರ್ಷಗಳಿಂದ ಹೇಳುತ್ತಲೇ ಇತ್ತು; ಅಜ್ಜನಿಗೆ ಅದು ಕೈಯಳತೆಯಿಂದ ತಿಳಿಯಿತು, ನಮಗೆ ಕಣ್ಣಳತೆಯಿಂದ ತಿಳಿಯಿತು. ಅಳಿಯನು ಅದನ್ನು ಮಾರದೆ, ಹಾರಿಸದೆ, ಕಾನೂನಿನಂತೆ ಬೀಗದೊಳಗೆ ಇಟ್ಟಿದ್ದಾನೆ. ಚುನಾವಣೆ ಬಂದಾಗ ಠಾಣೆಗೊಪ್ಪಿಸಿ ರಸೀದಿ ಪಡೆಯುತ್ತಾನೆ. ಹಂದಿಗಳಿಗೆ ಈಗ ಪಟಾಕಿಯೇ ಸಾಕಾಗುತ್ತದೆ.

ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಹಳೆಯ ಮನೆಗಳಲ್ಲಿ ಇಂತಹ ಜೋಡುನಳಿಗೆಗಳು ಇನ್ನೂ ಹಲವಿರಬಹುದು. ಹಿರಿಯರು ಹೋದಂತೆ ಅವು ಕಿರಿಯರ ಕೈಗೆ ಬರುತ್ತಿವೆ. ಆ ಮನೆಯವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಯಜಮಾನರು ತೀರಿಕೊಂಡೊಡನೆ ಬಂದೂಕನ್ನು ಠಾಣೆಯಲ್ಲಿಯೋ ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಿ ವಾರಸಿನ ಅರ್ಜಿಯನ್ನು ಕೊಡಿರಿ. ಅದು ಕೈಗೆ ಬಂದಮೇಲೆ ಪಟ್ಟಿಯ ಮೇಲಣ ಹೆಸರನ್ನು ಓದಿ ತೃಪ್ತರಾಗದೆ, ನಳಿಗೆಯನ್ನು ಮಗುಚಿ ತಳದ ಮುದ್ರೆಗಳನ್ನು ಓದಿರಿ. ಸಂಖ್ಯೆಯನ್ನು ಮೂರೂ ಕಡೆಗಳಲ್ಲಿ ನೋಡಿ ಪುಸ್ತಕದೊಡನೆ ಹೋಲಿಸಿರಿ. ಬಲ್ಲ ರಿಪೇರಿಗಾರನು ದಪ್ಪವನ್ನು ಅಳೆದು ಹೇಳುವವರೆಗೆ ಒಂದು ತೋಟೆಯನ್ನೂ ಅದರೊಳಗೆ ಇಡಬೇಡಿರಿ. ಮತ್ತು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಆ ಬಂದೂಕನ್ನು ಬಾಳಿಸಿದವರು ಅದರ ವಿಷಯದಲ್ಲಿ ತಿಳಿದುದು ಅದರಲ್ಲಿಯೇ ಉಳಿದಿರಬಹುದು.